ಅವ್ವನ ನೆಲವು

ಸೋಲಾಪುರದಲ್ಲಿ ನಮ್ಮದು ಮೇಲಂತಸ್ತಿನ ಬಾಡಿಗೆ ಮನೆ. ಎರಡು ಖೋಲಿ, ಮುಂದೆ ಪತ್ರಾ ಹೊದಿಸಿದ ಸಣ್ಣ ಗ್ಯಾಲರಿ, ಅಷ್ಟೇ. ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ಊರಿನಿಂದ ಇಲ್ಲಿಗೆ ಕರೆದುಕೊಂಡು ಬಂದೆ. ಅಕ್ಕಲಕೋಟದಿಂದ ಸೋಲಾಪುರಕ್ಕೆ ಸುಮಾರು 40 ಕಿಲೋಮೀಟರ್. ನಮಗೆ ಅದು ತಾಸಿನ ದಾರಿ, ಅವ್ವನಿಗೆ ಬೇರೆ ದೇಶ.

ಹೊತ್ತಿಗೆ ಸರಿಯಾಗಿ ಊಟ, ಗುಳಿಗೆ, ಮೊಮ್ಮಕ್ಕಳು, ಎಲ್ಲ ಇತ್ತು. ಆದರೂ ನಸುಕಿನಲ್ಲೇ ಎದ್ದು ಗ್ಯಾಲರಿಯ ಕಟಾಂಜನ ಹಿಡಿದು ಕೆಳಗಿನ ಓಣಿ ನೋಡುತ್ತ ನಿಂತಿರುತ್ತಿದ್ದಳು. ಒಂದು ದಿವಸ ಕೇಳಿದೆ, "ಯಾಕಬೇ, ಏನು ಕಡಿಮಿ ಆಗೇದ?"

"ಏನೂ ಕಡಿಮಿ ಇಲ್ಲಪ್ಪಾ. ನೆಲಾ ಇಲ್ಲದ ಮನಿ ಇದು. ಪೂಜಿಗೆ ಒಂದು ಹೂವು ಹರೀಬೇಕಂದ್ರ ಗಿಡ ಎಲ್ಲಿ ಹಚ್ಚಲಿ?"

ಆಗ ಸಂಕ್ರಾಂತಿಯ ದಿನಗಳು, ಸಿದ್ಧೇಶ್ವರನ ಗಡ್ಡಾ ಜಾತ್ರೆ ನಡೆದಿತ್ತು. ಜಾತ್ರೆಯಿಂದ ಬರುವಾಗ ಒಂದು ನರ್ಸರಿಯಲ್ಲಿ ತೂಗುಹಾಕುವ ಕುಂಡಗಳನ್ನು ಕಂಡೆ. ಬಣ್ಣಬಣ್ಣದ ಪಿಟುನಿಯಾ ಹೂವು ಅಂಚಿನಿಂದ ಕೆಳಗೆ ಇಳಿಬಿದ್ದಿದ್ದವು. ಮೂರು ತಂದೆ. ಊರಿನ ಹೊಲದಿಂದ ಒಂದು ಚೀಲ ಎರೆಮಣ್ಣು ತರಿಸಿ ತುಂಬಿದೆ. ಜೋಳ ಬೆಳೆಯುವ ಮಣ್ಣು ಹೂವು ಬೆಳೆಯದೇನು ಎಂಬುದು ನನ್ನ ಲೆಕ್ಕ.

ಲೆಕ್ಕ ತಪ್ಪಿತು. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಕುಂಡದೊಳಗೆ ಅದು ಒಂದು ದಿನ ಕೆಸರು, ಮರುದಿನ ಇಟ್ಟಂಗಿ. ಬೇರಿಗೆ ಗಾಳಿಯೇ ಇಲ್ಲ. ಒಂದು ರಾತ್ರಿ ಪತ್ರಾಕ್ಕೆ ಸಿಕ್ಕಿಸಿದ್ದ ಕೊಂಡಿ ಹರಿದು, ಕುಂಡ ದಪ್ಪನೆ ಬಿತ್ತು. ಅದರ ಕೆಳಗೆ ಹಗಲು ಹೊತ್ತು ನನ್ನ ಮಗ ಕೂತು ಅಭ್ಯಾಸ ಮಾಡುತ್ತಿದ್ದ. ಉಳಿದ ಎರಡು ಕುಂಡ ಮಾರ್ಚ್ ಬಿಸಿಲಿಗೆ ಒಣಗಿದವು. ಪಿಟುನಿಯಾ ನಮ್ಮ ಕಡೆ ಚಳಿಗಾಲದ ಹೂವು ಎಂಬುದು ಆಮೇಲೆ ತಿಳಿಯಿತು.

ಸಾಲಿಯಲ್ಲಿದ್ದಾಗ ಪ್ರವಾಸಕ್ಕೆ ಹೋಗಿ ಮುಂಬಯಿಯ ಹ್ಯಾಂಗಿಂಗ್ ಗಾರ್ಡನ್ ನೋಡಿದ್ದೆ. ಅಲ್ಲಿ ತೂಗಾಡುವುದು ಏನೂ ಇರಲಿಲ್ಲ. 1881ರಲ್ಲಿ ಮಲಬಾರ್ ಹಿಲ್ಲಿನ ನೀರಿನ ಟಾಕಿಯ ಮೇಲೆ ಮಾಡಿದ ತೋಟ ಅದು ಎಂದು ಗುರುಗಳು ಹೇಳಿದ್ದರು. ಅವರದು ನೀರಿನ ಮೇಲಿನ ತೋಟ, ನಮ್ಮದು ನೀರಿಲ್ಲದ ತೋಟ ಎಂದು ಮನೆಯಲ್ಲಿ ನಗೆಯಾಡಿದೆ. ಅವ್ವ ನಗಲಿಲ್ಲ. ಖಾಲಿ ಕುಂಡ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು.

"ಇದು ನಮ್ಮ ನೆಲವು ಅಲ್ಲೇನೋ?" ಅಂದಳು.

ಹೌದಲ್ಲ! ನಮ್ಮ ಮಾಳಿಗಿ ಮನೆಯ ಜಂತಿಗೆ, ಬೆಕ್ಕಿಗೆ ಎಟುಕದ ಹಾಗೆ, ಹಾಲು ಬೆಣ್ಣೆಯ ಗಡಿಗೆ ತೂಗುತ್ತಿದ್ದ ನೆಲವು. ಅವ್ವ ಸುತಳಿ ತರಿಸಿದಳು. ವರ್ಷಗಟ್ಟಲೆ ಹಾಕದ ಗಂಟು ಕೈಗೆ ತಾನೇ ಬಂತು. ಮೇದಾರರ ಬಿದಿರು ಬುಟ್ಟಿಯೊಳಗೆ ಹಳೆಯ ಸೋಲಾಪುರಿ ಚಾದರದ ತುಂಡು ಹಾಸಿದಳು, ಮಣ್ಣು ಸೋರಬಾರದು, ನೀರು ಮಾತ್ರ ಇಳಿಯಬೇಕು ಎಂದು. ಎರೆಮಣ್ಣು ಒಂದು ಪಾಲು, ಉಸುಕು ಒಂದು ಪಾಲು, ಕೊಳೆತ ಸಗಣಿಗೊಬ್ಬರ ಒಂದು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು. ಕೊಂಡಿಯನ್ನು ಈ ಸಲ ಪತ್ರಾದ ಕೆಳಗಿನ ಕಬ್ಬಿಣದ ಪೈಪಿಗೆ ಹಾಕಿದೆ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿದಾಗ ಒಣ ಬುಟ್ಟಿ 4 ಕಿಲೋ ಇದ್ದದ್ದು ನೀರು ಕುಡಿದ ಮೇಲೆ 6 ಕಿಲೋ ದಾಟಿತು. ತೂಗುಹಾಕುವವರು ಹೂವಿಗಿಂತ ಮೊದಲು ಈ ಭಾರ ನೋಡಬೇಕು.

ಗಿಡವನ್ನೂ ಅವ್ವನೇ ಆರಿಸಿದಳು. ಪಕ್ಕದ ಮನೆಯವರಲ್ಲಿ ಹತ್ತು ಗಂಟೆ ಹೂವು ಇತ್ತು. ಹೊಲದಲ್ಲಿ ತಾನೇ ಹುಟ್ಟುವ ಗೋಳಿ ಪಲ್ಯದ ಕುಲದ್ದೇ ಅದು. ದಂಟು, ಎಲೆಯಲ್ಲಿ ನೀರು ಕೂಡಿಟ್ಟುಕೊಳ್ಳುತ್ತದೆ, ಬಿಸಿಲೆಂದರೆ ಪ್ರೀತಿ. ನಾಲ್ಕು ಬೆರಳು ಉದ್ದದ ಟೊಂಗೆ ಚಿವುಟಿ, ಕೆಳಗಿನ ಎಲೆ ತೆಗೆದು, ಎರಡು ಬೆರಳು ಆಳಕ್ಕೆ ಚುಚ್ಚಿದಳು. ಎರಡು ವಾರದೊಳಗೆ ಬೇರು ಹಿಡಿಯಿತು. ತುದಿ ಚಿವುಟಿದಷ್ಟೂ ಕವಲೊಡೆದು ಬುಟ್ಟಿ ತುಂಬಿತು.

ನೀರಿನ ಮಾತಿಗೆ ಮನೆಯಲ್ಲಿ ಸ್ವಲ್ಪ ಜಗಳವಾಯಿತು. ಸೋಲಾಪುರಕ್ಕೆ ನೀರು ಬರುವುದು ದೂರದ ಉಜನಿ ಧರಣದಿಂದ, ಭೀಮೆಯ ನೀರು. ನಳ ದಿನಾ ಬರುವುದಿಲ್ಲ. "ಕುಡಿಯಾಕ ನೀರು ಕೂಡಿಡೂದ ಸಾಕಾಗೇದ, ಹೂವಿಗೆ ಎಲ್ಲಿಂದ ತರೂದ್ರಿ?" ಎಂದು ನನ್ನ ಹೆಂಡತಿ ಕೇಳಿದ್ದು ತಪ್ಪಲ್ಲ. ಅವ್ವ ತಿರುಗಿ ಮಾತಾಡಲಿಲ್ಲ. ಮರುದಿನದಿಂದ ಅಕ್ಕಿ, ಬ್ಯಾಳಿ, ಕಾಯಿಪಲ್ಯ ತೊಳೆದ ನೀರನ್ನು ಒಂದು ಬಕೀಟಿನಲ್ಲಿ ಹಿಡಿದಿಡತೊಡಗಿದಳು. ಬುಟ್ಟಿ ಇಳಿಸಿ ಅದರಲ್ಲಿ ಅದ್ದುವುದು, ಗುಳ್ಳೆ ಏಳುವುದು ನಿಂತ ಮೇಲೆ ಎತ್ತಿ ಸೋರಲು ಬಿಡುವುದು, ಅದೇ ನೀರಿನಲ್ಲಿ ಮುಂದಿನ ಬುಟ್ಟಿ. "ಸಿದ್ಧರಾಮ ಕೆರಿ ಕಟ್ಟಿಸಿದ ಊರು ಇದು. ಇಲ್ಲಿ ನೀರು ಚೆಲ್ಲಬಾರದವ್ವಾ," ಎಂದು ಸೊಸೆಗೆ ಹೇಳಿದಳು. ವಾರದೊಳಗೆ ಆ ಬಕೀಟು ತುಂಬಿಸುವವಳು ನನ್ನ ಹೆಂಡತಿಯೇ ಆದಳು.

ಮೇ ತಿಂಗಳ 42 ಡಿಗ್ರಿ ಬಿಸಿಲಿನಲ್ಲಿ ಗ್ಯಾಲರಿ ಗುಲಾಬಿ, ಹಳದಿ, ಕೇಸರಿ ಬಣ್ಣದಿಂದ ತುಂಬಿತು. ಆ ಹೂವು ಬಿಸಿಲೇರಿದ ಮೇಲೆ ಅರಳಿ, ಮಧ್ಯಾಹ್ನ ದಾಟಿದರೆ ಮುದುಡುತ್ತದೆ. ಹೀಗಾಗಿ ಅವ್ವ ತನ್ನ ನಸುಕಿನ ಪೂಜೆಯನ್ನೇ ಹತ್ತು ಗಂಟೆಗೆ ಸರಿಸಿದಳು. ಕೇಳಿದರೆ, "ದೇವರಿಗೇನ್ ಡ್ಯೂಟಿ ಐತೇನು? ಕಾಯ್ತಾನ," ಅಂದಳು.

ಅವ್ವ ಇನ್ನು ಇಲ್ಲೇ ನಿಂತಳು ಎಂದು ನಾನು ಸಮಾಧಾನಪಟ್ಟೆ. ಖರೆ ಹೇಳಬೇಕೆಂದರೆ, ನಾನು ಬುಟ್ಟಿ ತೂಗಿದ್ದು ಹೂವಿಗಾಗಿ ಅಲ್ಲ, ಅವ್ವ ಊರಿನ ಹೆಸರು ಎತ್ತಬಾರದೆಂದು. ಮಿರಗದ ಮಳೆ ಬಿದ್ದ ದಿನ ಅವಳು ಚೀಲ ಕಟ್ಟಿದಳು. ಒದ್ದೆ ಅರಿವೆಯಲ್ಲಿ ಸುತ್ತಿದ ಟೊಂಗೆಗಳು ಮೇಲೆಯೇ ಇದ್ದವು.

"ಇಲ್ಲಿ ಹೂವು ಚಲೋ ಬಂದಾವಲ್ಲಬೇ, ಯಾಕ ಹೊಂಟಿ?" ಎಂದೆ.

"ಹೂವಿಗೆ ನೆಲವು ಸಾಕೋ ತಮ್ಮಾ. ನನಗ ನೆಲಾ ಬೇಕು."

ನನಗೆ ಸಿಟ್ಟು ಬಂತು, ಆಮೇಲೆ ಅಳು ಬಂತು. ಬಸ್ಸಿಗೆ ಹತ್ತಿಸಿ ಬಂದೆ. ತಿಂಗಳು ಬಿಟ್ಟು ಊರಿಗೆ ಹೋದರೆ ಪಡಸಾಲಿಯ ಜಂತಿಗೆ, ಹಾಲಿನ ಗಡಿಗೆ ತೂಗುತ್ತಿದ್ದ ಜಾಗದ ಹತ್ತಿರ ಬಾಗಿಲ ಬಿಸಿಲಿಗೆ, ಒಂದು ಬುಟ್ಟಿ ತೂಗಿತ್ತು. ಅವ್ವ ಅಂಗಳದಲ್ಲಿ ಬರಿಗಾಲಲ್ಲಿ ಕೂತು ಇನ್ನೊಂದಕ್ಕೆ ಗಂಟು ಹಾಕುತ್ತಿದ್ದಳು. ಮೈಯಲ್ಲಿ ಹುರುಪಿತ್ತು. ನಾನು ಏನೂ ಅನ್ನಲಿಲ್ಲ, ಸುತಳಿಯ ಇನ್ನೊಂದು ತುದಿ ಹಿಡಿದುಕೊಂಡು ಕೂತೆ.

ಆ ಎರಡನೆಯ ಬುಟ್ಟಿ ಈಗ ನಮ್ಮ ವಾಚನಾಲಯದ ಕಟ್ಟೆಯ ಮೇಲೆ ತೂಗುತ್ತಿದೆ. ಬೇಕಾದವರು ನಾಲ್ಕು ಬೆರಳು ಟೊಂಗೆ ಚಿವುಟಿಕೊಂಡು ಹೋಗಬಹುದು. ಸಾಲಿ ಹುಡುಗರಿಗೆ ಗಂಟು ಕಲಿಯಬೇಕಾದರೆ ಅವ್ವ ಮನೆಯಲ್ಲೇ ಇರುತ್ತಾಳೆ. ನೀರು ಹಾಕುವ ಮೊದಲು ಬುಟ್ಟಿಯ ತಳಕ್ಕೆ ಕೈಕೊಟ್ಟು ಎತ್ತಿ ನೋಡಿರಿ. ಹಗುರಾಗಿದ್ದರೆ ಮಾತ್ರ ಹಾಕಿರಿ.