ಲಾಂಗ್ಟನ್ನಿನ ಬಾತುಕೋಳಿ

ಸ್ಟೋಕ್-ಆನ್-ಟ್ರೆಂಟ್, ಇಂಗ್ಲೆಂಡ್

ಪ್ರೀತಿಯ ಅಕ್ಕಾ,

ನಿನ್ನ ಸಣ್ಣವನ ಜ್ವರ ಬಿಟ್ಟಿತೇ? ಒಣದ್ರಾಕ್ಷಿ ಶೆಡ್ಡಿನ ಕೆಲಸದ ನಡುವೆ ರಾತ್ರಿಯೆಲ್ಲ ನೀನು ಅವನ ಮಗ್ಗುಲಿಗೆ ಕೂತಿದ್ದೆ ಎಂದು ಕೇಳಿದಾಗಿನಿಂದ ನನ್ನ ಮನಸ್ಸು ಐಗಳಿಯ ನಿನ್ನ ಮನೆಯಲ್ಲೇ ಇದೆ. ಈ ಕಾಗದ ಅವನಿಗೆ ಓದಿ ಹೇಳು.

ಇದು ಕುಂಬಾರರ ನಾಡು. ಆರು ಪಟ್ಟಣ ಕೂಡಿ ಆದ ಊರು, ಅದರಲ್ಲೊಂದು ಲಾಂಗ್ಟನ್. ಇಲ್ಲಿಯ ಗ್ಲಾಡ್‌ಸ್ಟನ್ ಎಂಬ ಹಳೆಯ ಕಾರ್ಖಾನೆ ಈಗ ವಸ್ತುಸಂಗ್ರಹಾಲಯ. ಇಟ್ಟಿಗೆಯ ಆವಿಗೆಗಳು ಬಾಟಲಿಯ ಆಕಾರದಲ್ಲಿ ಮುಗಿಲಿಗೆ ಮುಖ ಮಾಡಿ ನಿಂತಿವೆ. ಒಳಗೆ ಹೋಗಿ ಮೇಲೆ ನೋಡಿದರೆ ಬಾವಿಯೊಳಗಿಂದ ಕಂಡಷ್ಟೇ ಆಕಾಶ.

ಆಮೇಲೆ ಹಳೇ ಸಾಮಾನಿನ ಅಂಗಡಿಯೊಂದರ ಗಾಜಿನ ಹಿಂದೆ ಅವಳನ್ನು ಕಂಡೆ. ಗೇಣಿಗಿಂತ ಚಿಕ್ಕ ಬಿಳಿ ಬಾತುಕೋಳಿಯ ಗೊಂಬೆ, ಹೆಗಲಿಗೆ ಶಾಲು, ತಲೆಗೆ ತಿಳಿನೀಲಿ ಟೊಪ್ಪಿಗೆ. ಹೆಸರು ಜೆಮಿಮಾ ಪಡಲ್-ಡಕ್. ತನ್ನ ಮೊಟ್ಟೆಗೆ ತಾನೇ ಕಾವು ಕೂಡಬೇಕೆಂದು ಮನೆ ಬಿಟ್ಟು, ಸಭ್ಯನಂತೆ ಮಾತಾಡುವ ನರಿಯನ್ನು ನಂಬಿ, ತನ್ನನ್ನೇ ಬೇಯಿಸಲು ಬೇಕಾದ ಸೊಪ್ಪು, ಈರುಳ್ಳಿ ತರಲು ಹೊರಟವಳು. ಕೊನೆಗೆ ನಾಯಿ ಉಳಿಸುತ್ತದೆ.

ಕತೆ ಬಿಯಾಟ್ರಿಕ್ಸ್ ಪಾಟರ್ ಅವರದು, 1908ರದು. ಅವರ ಮೊದಲ ಪುಸ್ತಕ ಹುಟ್ಟಿದ್ದು ಇಂಥದೇ ಒಂದು ಕಾಗದದಿಂದ, ಅಕ್ಕಾ. 1893ರ ಸೆಪ್ಟೆಂಬರ್ 4ರಂದು, ಹಾಸಿಗೆ ಹಿಡಿದಿದ್ದ ಐದು ವರ್ಷದ ನೋಯೆಲ್ ಎಂಬ ಹುಡುಗನಿಗೆ ಏನು ಬರೆಯಲೆಂದು ತೋಚದೆ, ನಾಲ್ಕು ಮೊಲಗಳ ಕತೆಯನ್ನು ಚಿತ್ರ ಬಿಡಿಸಿ ಕಳಿಸಿದರು. ಪ್ರಕಾಶಕರು ಬೇಡವೆಂದಾಗ 1901ರಲ್ಲಿ ಕೈಯಿಂದ ದುಡ್ಡು ಹಾಕಿ 250 ಪ್ರತಿ ಅಚ್ಚು ಹಾಕಿಸಿದರು. ಪೀಟರ್ ಮೊಲ ಲೋಕಕ್ಕೆ ಬಂದದ್ದು ಹಾಗೆ.

ಈ ಕತೆಗಳ ಪಾತ್ರಗಳನ್ನು ಗೊಂಬೆ ಮಾಡಿಸುವ ಯೋಚನೆ ಬಂದದ್ದು ಲಾಂಗ್ಟನ್ನಿನ ಬೆಸ್ವಿಕ್ ಕಾರ್ಖಾನೆಯ ಒಡೆಯರ ಮನೆಯಾಕೆ ಲೂಸಿ ಬೆಸ್ವಿಕ್‌ಗೆ, 1947ರಲ್ಲಿ. ಶಿಲ್ಪಿ ಆರ್ಥರ್ ಗ್ರೆಡಿಂಗ್ಟನ್ ಮೊದಲು ತಿದ್ದಿದ್ದು ಈ ಜೆಮಿಮಾಳನ್ನೇ. ಮರುವರ್ಷ ಹತ್ತು ಗೊಂಬೆ ಹೊರಬಂದವು. ಎಲ್ಲರೂ ಪಿಂಗಾಣಿ ಎಂದರೂ ಇದು ಅಪ್ಪಟ ಪಿಂಗಾಣಿಯಲ್ಲ, ಮೆರುಗು ಕೊಟ್ಟು ಸುಟ್ಟ ಮಣ್ಣು. ಅಂಬಲಿಯ ಹದಕ್ಕೆ ಕದಡಿದ ಮಣ್ಣನ್ನು ಪ್ಲಾಸ್ಟರಿನ ಅಚ್ಚಿಗೆ ಹೊಯ್ಯುತ್ತಾರೆ. ಅಚ್ಚು ನೀರು ಕುಡಿದಂತೆ ಒಳಮೈಗೆ ಒಂದು ಪದರ ಹಿಡಿಯುತ್ತದೆ. ಉಳಿದದ್ದನ್ನು ಬಸಿದರೆ ಒಳಗೆ ಟೊಳ್ಳು. ಬಣ್ಣ ಮಾತ್ರ ಕೈಯಿಂದಲೇ.

ಅಂಗಡಿಯ ಅಜ್ಜಿ ಗೊಂಬೆಯನ್ನು ಬೋರಲು ಮಾಡಿ ತಳ ತೋರಿಸಿದರು. ಹಳೆಯವುಗಳ ತಳದಲ್ಲಿ ಬಂಗಾರದ ಅಕ್ಷರ, 1970ರ ದಶಕದಲ್ಲಿ ಅದರ ಬದಲು ಕಂದು ಬಂತು. ಸಂಗ್ರಹಿಸುವವರು ಮುಖಕ್ಕಿಂತ ಮೊದಲು ನೋಡುವುದು ಅದನ್ನು. 2002ರಲ್ಲಿ ಕಾರ್ಖಾನೆಯೇ ಮುಚ್ಚಿತು. ಇವಳ ಕೊಕ್ಕಿನ ತುದಿ ಚೂರು ಮುಕ್ಕಾಗಿದೆ, ಅದಕ್ಕೇ ನನ್ನ ಕೈಗೆ ಎಟುಕಿದಳು. ಅಂಗಿಯಲ್ಲಿ ಸುತ್ತಿ ತರುತ್ತಿದ್ದೇನೆ.

ನೆನಪಿದೆಯೇ, ಮಣ್ಣೆತ್ತಿನ ಅಮಾವಾಸ್ಯೆಗೆ ಕುಂಬಾರ ಕಾಕಾ ಬುಟ್ಟಿ ಹೊತ್ತು ಬಂದು, ಜೋಡೆತ್ತು, ಮೇವಿನ ಗ್ವಾದಲಿ ಇಟ್ಟು ಜೋಳ ಒಯ್ಯುತ್ತಿದ್ದ. ಪೂಜೆ ಮುಗಿದ ಎತ್ತನ್ನು ನೀರಿಗೆ ಬಿಡಲು ಒಲ್ಲೆನೆಂದು ಒಮ್ಮೆ ನಾನು ಒಂದನ್ನು ಜೋಳದ ಚೀಲದ ಹಿಂದೆ ಬಚ್ಚಿಟ್ಟೆ. ಕೋಡು ಮುರಿದಾಗ ಹಸಿಮಣ್ಣು ಮೆತ್ತಿ ಕೂಡಿಸಿದವಳು ನೀನು. ಅದೇ ಎತ್ತನ್ನು ಆಕಳು ಮಾಡಿ ಪುಣ್ಯಕೋಟಿಯ ಕತೆ ಹೇಳಿದೆ. ಹುಲಿಯಾಗಿದ್ದು ಅವ್ವನ ಅರೆಯುವ ಗುಂಡು. ಆಕಳು ಮಾತಿನಂತೆ ಮರಳಿ ಬಂದಾಗ ಇಬ್ಬರೂ ಅತ್ತೆವು.

ಆ ಎತ್ತು ಎರಡು ಮಳೆಗಾಲದ ಥಂಡಿಗೆ ಪುಡಿಯಾಯಿತು. ಸುಟ್ಟಿದ್ದರೆ ಇವತ್ತಿಗೂ ಇರುತ್ತಿತ್ತು. ಅದಕ್ಕೇ ಒಂದು ಕೆಲಸ ಹೇಳುತ್ತೇನೆ. ಈ ಸಲ ಕಾಕಾನ ಮಗ ಬಂದಾಗ ಎತ್ತಿನ ಜೊತೆ ಒಂದು ಆಕಳು, ಒಂದು ಕರು, ಒಂದು ಹುಲಿ ಮಾಡಿಸು. ಗಡಿಗೆಗಳ ಜೊತೆ ಆವಿಗೆಗೆ ಹಾಕಲಿ, ಅವನು ಕೇಳಿದಷ್ಟು ನಾನು ಕೊಡುತ್ತೇನೆ. ತಳದಲ್ಲಿ ಅವನ ಹೆಸರು, ನಮ್ಮೂರ ಹೆಸರು ಕಡ್ಡಿಯಿಂದ ಕೊರೆಯಲಿ. ಹುಲಿ ಮಾತ್ರ ಬಾಯಿ ತೆರೆದು ಗುರುಗುಟ್ಟುವಂತೆ ಬೇಡ. ಆಕಳ ಮಾತು ಕೇಳುತ್ತ ಕೂತಂತೆ ಇರಲಿ.

ನಿನ್ನ ತಮ್ಮ