ಮೂವತ್ತೈದು ಸಾವಿರದೊಳಗೆ

ಪಣಜಿ

ಪ್ರೀತಿಯ ತಂಗಿ,

ಗೋವಾ ವಿಶ್ವವಿದ್ಯಾಲಯದಲ್ಲಿ ಎಂ.ಎ. ಅರ್ಥಶಾಸ್ತ್ರಕ್ಕೆ ಸೀಟು ಸಿಕ್ಕ ಸುದ್ದಿಗೆ ಒಂದೇ ಸಾಲು, ಕೊಳ್ಳಬೇಕಾದ ಲ್ಯಾಪ್‌ಟಾಪಿಗೆ ಎರಡು ಪುಟ! ನಿನ್ನ ಪತ್ರ ಓದಿ ನಿಮ್ಮ ಭಾವ ನಕ್ಕೇ ನಕ್ಕರು. ನನಗೆ ಮಾತ್ರ ಆ ಒಂದು ಸಾಲೇ ಸಾಕಾಯಿತು. ಗದಗದ ಎರೆಹೊಲ ಬಿಟ್ಟು ನೀನು ತಾಳಗಾಂವದ ಗುಡ್ಡದ ಮೇಲೆ ಓದಲು ಬರುತ್ತೀ, ಶನಿವಾರ ಬಂತೆಂದರೆ ನಮ್ಮ ಮನೆಗೆ ಊಟಕ್ಕೆ ಬರುತ್ತೀ ಅನ್ನುವುದನ್ನು ನೆನೆದರೇ ಮನಸ್ಸು ಹಗುರಾಗುತ್ತದೆ. ಇಲ್ಲಿ ನಮ್ಮವರು ಕಡಿಮೆ ಏನಿಲ್ಲ. ವಾಸ್ಕೋ, ಝುವಾರಿನಗರದ ಕಡೆ ಹೋದರೆ ಅಂಗಡಿಯಲ್ಲಿ, ಬಸ್ ನಿಲ್ದಾಣದಲ್ಲಿ ನಮ್ಮ ಭಾಷೆ ಕಿವಿಗೆ ಬೀಳುತ್ತಲೇ ಇರುತ್ತದೆ. ಸರಕಾರಿ ಬಸ್ಸಿನ ಹೆಸರೇ ಕದಂಬ. ಒಂಟಿಯಾಗುತ್ತೇನೆ ಅನ್ನುವ ಹೆದರಿಕೆ ಇಟ್ಟುಕೊಳ್ಳಬೇಡ.

ಈಗ ನಿನ್ನ ಎರಡು ಪುಟಕ್ಕೆ ಬರುತ್ತೇನೆ. ಈ ಸಲದ ಕಡಲೆ ಮಾರಿದ ದುಡ್ಡಿನಲ್ಲಿ ಕಾಕಾ ಮೂವತ್ತೈದು ಸಾವಿರ ತೆಗೆದಿಟ್ಟಿದ್ದಾರೆ, ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಕೇಳಲು ಮನಸ್ಸಿಲ್ಲ ಅಂತ ಬರೆದಿದ್ದೀ. ಆ ಮಾತು ಓದುವಾಗ ನನಗೆ ಗಂಟಲು ಕಟ್ಟಿತು. ಅದರ ಕೆಳಗೇ, ಈ ದುಡ್ಡಿಗೆ ಒಳ್ಳೆಯದು ಯಾವುದೂ ಸಿಗುವುದಿಲ್ಲವಂತೆ, ಎಲ್ಲದರಲ್ಲೂ ಒಂದೊಂದು ಕೊರತೆ ಇದೆಯಂತೆ ಅಂತ ಬೇಜಾರು ಮಾಡಿಕೊಂಡಿದ್ದೀ. ಹೌದು, ಎಲ್ಲದರಲ್ಲೂ ಕೊರತೆ ಇದೆ. ಈ ಬೆಲೆಗೆ ಮಾಡುವವರು ಎಲ್ಲೋ ಒಂದು ಕಡೆ ಕೈ ಬಿಗಿ ಹಿಡಿಯಲೇಬೇಕು. ಎಲ್ಲಿ ಹಿಡಿದರು ಅನ್ನುವುದು ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಇರುವುದಿಲ್ಲ, ಅಷ್ಟೇ. ಅದನ್ನು ಹುಡುಕಿ, ಯಾವ ಕೊರತೆಯ ಜೊತೆ ನೀನು ನೆಮ್ಮದಿಯಾಗಿ ಬದುಕಬಲ್ಲೆ ಅಂತ ತೂಗಿ ನೋಡಬೇಕು. ಅರ್ಥಶಾಸ್ತ್ರ ಓದುವವಳಿಗೆ ಇದನ್ನು ನಾನು ಹೇಳಿಕೊಡಬೇಕೇ!

ನಾನು ನೋಡುವುದು ಒಂದೇ: ಈ ಕೊರತೆಯನ್ನು ಮುಂದೆ ಸರಿಪಡಿಸಬಹುದೇ, ಇಲ್ಲವೇ? ಇಲ್ಲಿ ಬಾಡಿಗೆ ಮನೆ ಹುಡುಕುವಾಗಲೂ ನಾವು ಹಾಗೇ ಮಾಡಿದೆವು. ಗೋಡೆಯ ಬಣ್ಣ ಹೋಗಿದ್ದರೆ ಚಿಂತೆ ಮಾಡಲಿಲ್ಲ, ಬಾವಿಯ ನೀರು ಉಪ್ಪಾಗಿದ್ದರೆ ಒಳಗೂ ಹೋಗಲಿಲ್ಲ. ಲ್ಯಾಪ್‌ಟಾಪಿನಲ್ಲಿ ಪರದೆ, ಕೀಲಿಮಣೆ, ಮುಚ್ಚಿ ತೆರೆಯುವ ಕೀಲು, ಪ್ರೊಸೆಸರ್ ಇವು ಬಾವಿಯ ನೀರು. ಕೊಂಡ ದಿನ ಹೇಗಿದೆಯೋ ಕೊನೆಯವರೆಗೂ ಹಾಗೇ. ಎಸ್‌ಎಸ್‌ಡಿ, ಬ್ಯಾಟರಿ, ಕೆಲವು ಮಾದರಿಗಳಲ್ಲಿ ರ‍್ಯಾಮ್, ಇವನ್ನು ಎಂ.ಎ. ಮುಗಿಸಿ ನೌಕರಿ ಹಿಡಿದ ಮೇಲೂ ಬದಲಾಯಿಸಬಹುದು.

ಏನನ್ನು ಬಿಡಬೇಕು, ಏನನ್ನು ಉಳಿಸಬೇಕು ಅಂತ ಆರಿಸಿ ಅಗ್ಗದ ಯಂತ್ರ ಮಾಡುವುದು ತಲೆ ಕೆಡಿಸುವಷ್ಟು ಕಷ್ಟದ ಕೆಲಸ. 2001ರ ಹೊತ್ತಿಗೆ ನಮ್ಮ ಬೆಂಗಳೂರಿನಲ್ಲೇ ಸಿಂಪ್ಯೂಟರ್ ಅನ್ನುವ ಕೈಗಣಕ ರೂಪುಗೊಂಡಿತು, ನೀನು ಕೇಳಿದ್ದೀಯೋ ಇಲ್ಲವೋ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್ ಮೊದಲಾದವರು ಅದರ ಹಿಂದಿದ್ದವರು. ಅವರು ಕೀಲಿಮಣೆ ಬಿಟ್ಟರು, ಬಣ್ಣದ ಪರದೆ ಬಿಟ್ಟರು. ಬಿಡದೇ ಇದ್ದದ್ದು ಕನ್ನಡ, ಹಿಂದಿ, ತಮಿಳಿನಲ್ಲಿ ಓದಿ ಹೇಳುವ ಶಕ್ತಿಯನ್ನು, ಓದು ಬಾರದವರ ಕೈಗೂ ಅದು ಸಿಗಲಿ ಅಂತ. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಜೊತೆ ಸೇರಿ ಅಮಿಡಾ ಅನ್ನುವ ಹೆಸರಿನಲ್ಲಿ ಮಾರುಕಟ್ಟೆಗೂ ಬಂತು. ಹೆಚ್ಚು ಮಾರಾಟ ಆಗಲಿಲ್ಲ, ಆದರೂ ಯಾರಿಗಾಗಿ ಏನನ್ನು ಉಳಿಸಬೇಕು ಅನ್ನುವುದು ಅವರಿಗೆ ಸ್ಪಷ್ಟವಿತ್ತು, ಅದಕ್ಕೇ ನನಗೆ ಅವರ ಮೇಲೆ ಗೌರವ.

ಆಮೇಲೆ 2011ರ ಅಕ್ಟೋಬರಿನಲ್ಲಿ ವಿದ್ಯಾರ್ಥಿಗಳಿಗಾಗಿ ಆಕಾಶ್ ಟ್ಯಾಬ್ಲೆಟ್ ಬಂತು. ಸರಕಾರಕ್ಕೆ ಬಿದ್ದ ಬೆಲೆ 2,300 ರೂಪಾಯಿಯ ಆಸುಪಾಸು. ರ‍್ಯಾಮ್ 256 ಎಂಬಿ. ಪರದೆ ಬೆರಳಿಗೆ ಸ್ಪಂದಿಸದೆ, ಒತ್ತಿ ಒತ್ತಿ ಹೇಳಬೇಕಾದ ಹಳೆಯ ರೆಸಿಸ್ಟಿವ್ ಬಗೆಯದು. ಓದುವ ಮಗು ಇಡೀ ದಿನ ಮುಟ್ಟುವ ಜಾಗದಲ್ಲೇ ಕೈ ಬಿಗಿ ಹಿಡಿದಿದ್ದರು. ಮರುವರ್ಷ ಬಂದ ಆಕಾಶ್ 2ರಲ್ಲಿ ಮೊದಲು ತಿದ್ದಿದ್ದು ಅವೇ ಎರಡನ್ನು, ಪರದೆಯನ್ನು ಮತ್ತು ರ‍್ಯಾಮನ್ನು. ಅದಕ್ಕೇ ತಂಗಿ, ನಿನ್ನ ಬೆರಳು ಮತ್ತು ಕಣ್ಣು ಎಲ್ಲಿ ಹೆಚ್ಚು ಹೊತ್ತು ಇರುತ್ತವೋ ಅಲ್ಲಿ ರಾಜಿ ಬೇಡ.

ಪರದೆಯ ವಿಷಯ ಮೊದಲು. ನೀನು ಬರೆದು ಕಳಿಸಿದ ಮಾದರಿಗಳ ಪಟ್ಟಿಯಲ್ಲಿ ಎರಡಕ್ಕೆ 1366×768 ಅಂತ ಇದೆ. ಅವನ್ನು ಹೊಡೆದುಹಾಕು. ಒಂದು ಕಡೆ ಪಿಡಿಎಫ್, ಇನ್ನೊಂದು ಕಡೆ ಟಿಪ್ಪಣಿ ಇಟ್ಟುಕೊಂಡು ಓದಲು ಅದರಲ್ಲಿ ಜಾಗವೇ ಸಾಲುವುದಿಲ್ಲ. 1920×1080 ಇರಲಿ, ಐಪಿಎಸ್ ಅಂತ ಬರೆದಿದ್ದರೆ ಇನ್ನೂ ಒಳ್ಳೆಯದು. ಟಿಎನ್ ಬಗೆಯ ಪರದೆಯಲ್ಲಿ ತಲೆ ಸ್ವಲ್ಪ ಆಚೀಚೆ ಆದರೂ ಬಣ್ಣ ಕೆಟ್ಟು ಹೋಗುತ್ತದೆ. ಈ ಬೆಲೆಗೆ ಬರುವ ಪರದೆಗಳು ಹೆಚ್ಚಾಗಿ 250 ನಿಟ್ಸ್ ಬೆಳಕಿನವು, ಬಣ್ಣವೂ ಸ್ವಲ್ಪ ಪೇಲವ. ಬಣ್ಣದ ಕೊರತೆ ನಿನಗೆ ನಡೆಯುತ್ತದೆ, ನೀನೇನು ಫೋಟೋ ತಿದ್ದುವವಳಲ್ಲ. ಬೆಳಕಿನ ಕೊರತೆ ಮಾತ್ರ ಗೋವಾದಲ್ಲಿ ಗೊತ್ತಾಗುತ್ತದೆ. ಇಲ್ಲಿನ ಮನೆಗಳಿಗೆ ದೊಡ್ಡ ದೊಡ್ಡ ಕಿಟಕಿ, ಬಾಲ್ಕಾವ್ ಅನ್ನುವ ಜಗಲಿ. ಚಳಿಗಾಲದ ಬಿಸಿಲಲ್ಲಿ ಅಲ್ಲಿ ಕೂತರೆ ಪರದೆಯಲ್ಲಿ ನಿನ್ನ ಮುಖವೇ ಕಾಣುತ್ತದೆ. ಕಿಟಕಿಗೆ ಬೆನ್ನು ಮಾಡದೆ ಕೂಡುವ ಅಭ್ಯಾಸ ಮಾಡಿಕೋ, ಮಿಂಚದ ಮ್ಯಾಟ್ ಪರದೆಯದನ್ನೇ ಆರಿಸು.

ಕೀಲಿಮಣೆಗೆ ಯಾವ ಅಂಕಿಯೂ ಉಪಯೋಗಕ್ಕೆ ಬರುವುದಿಲ್ಲ. ಅಂಗಡಿಗೆ ಹೋಗಿ, ಪ್ರದರ್ಶನಕ್ಕಿಟ್ಟ ಯಂತ್ರದಲ್ಲಿ ಒಂದು ಪುಟ ಟೈಪ್ ಮಾಡು. ಮಧ್ಯದಲ್ಲಿ ಒತ್ತಿದಾಗ ಹಲಗೆ ಬಾಗುತ್ತದೆಯೇ, ಸ್ಪೇಸ್ ಕೀಲಿ ಒಂದು ತುದಿಯಲ್ಲಿ ಒತ್ತಿದರೂ ಕೆಲಸ ಮಾಡುತ್ತದೆಯೇ ನೋಡು. ಕನ್ನಡದಲ್ಲೂ ನಾಲ್ಕು ಸಾಲು ಹೊಡೆ, ವಿಂಡೋಸ್‌ನಲ್ಲಿ ಕನ್ನಡ ಕೀಲಿಮಣೆ ಒಳಗೇ ಇರುತ್ತದೆ. ಅಂಗಡಿಯವನು ಎಷ್ಟು ಅವಸರ ಮಾಡಿದರೂ ನೀನು ಅವಸರ ಮಾಡಬೇಡ. ಮುಚ್ಚಳವನ್ನು ಒಂದೇ ಕೈಯಲ್ಲಿ ಎತ್ತಿ ನೋಡುವುದನ್ನೂ ಮರೆಯಬೇಡ. ಕೀಲು ಕಿರುಗುಟ್ಟಿದರೆ, ಪರದೆಯ ಅಂಚು ಬಾಗಿದರೆ ಆ ಯಂತ್ರ ಬೇಡ.

ಪ್ರೊಸೆಸರಿನ ಹೆಸರುಗಳಲ್ಲಿ ನಿನ್ನನ್ನು ಮೋಸಗೊಳಿಸುವ ಒಂದು ಗಂಟಿದೆ. ನಿನ್ನ ಪಟ್ಟಿಯ ಮೂರನೆಯದು ರೈಜೆನ್ 5 7520ಯು, ನಾಲ್ಕನೆಯದು ರೈಜೆನ್ 5 5625ಯು. ಏಳು ಸಾವಿರ ದೊಡ್ಡದು, ಆದ್ದರಿಂದ ಹೊಸದು ಅಂತ ನೀನು ಅದಕ್ಕೆ ನಕ್ಷತ್ರ ಹಾಕಿದ್ದೀ. ಎಎಂಡಿಯ ಆ ಸಾಲಿನ ಹೆಸರುಗಳಲ್ಲಿ ಮೊದಲ ಅಂಕಿ ವರ್ಷದ್ದು, ಒಳಗಿನ ವಿನ್ಯಾಸ ಯಾವ ಕಾಲದ್ದು ಅಂತ ಹೇಳುವುದು ಮೂರನೆಯ ಅಂಕಿ. 7520ರಲ್ಲಿ ಅದು 2, ಅಂದರೆ 2019ರಲ್ಲಿ ಬಂದ ಜೆನ್ 2, ನಾಲ್ಕು ಕೋರ್. 5625ಯು ಅದಕ್ಕಿಂತ ಮುಂದಿನ ಜೆನ್ 3, ಆರು ಕೋರ್. ನಕ್ಷತ್ರ ಒಂದು ಸಾಲು ಕೆಳಗೆ ಬರಲಿ! ಇಂಟೆಲ್‌ನಲ್ಲಿ ಕೋರ್ ಐ3 1215ಯು ನಿನ್ನ ಕೆಲಸಕ್ಕೆ ಧಾರಾಳ ಸಾಕು. ಸೆಲೆರಾನ್ ಬೇಡ.

7520ಯು ಬೇಡ ಅನ್ನುವುದಕ್ಕೆ ಇನ್ನೊಂದು ಕಾರಣ, ಅದರ ಜೊತೆ ಬರುವ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿರುತ್ತದೆ. ಮುಂದೆ ಹೆಚ್ಚಿಸಲು ದಾರಿಯೇ ಇಲ್ಲ. ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ, “ಖಾಲಿ ಸ್ಲಾಟ್ ಇದೆಯೇ?” ಇದ್ದರೆ 8 ಜಿಬಿಯಲ್ಲಿ ಶುರು ಮಾಡಬಹುದು. ಇಲ್ಲದಿದ್ದರೆ 16 ಜಿಬಿಯದೇ ಬೇಕು. ನೀನು ಎಂ.ಎ.ಯಲ್ಲಿ ಪಿಎಲ್‌ಎಫ್‌ಎಸ್ ಅನ್ನುವ ಉದ್ಯೋಗ ಸಮೀಕ್ಷೆಯ ದತ್ತಾಂಶ ಹಿಡಿದು ಕೂಡುವವಳು; ಒಂದು ವರ್ಷದ್ದರಲ್ಲೇ ಲಕ್ಷಗಟ್ಟಲೆ ಜನರ ಮಾಹಿತಿ ಇರುತ್ತದೆ. ಆರ್ ತಂತ್ರಾಂಶದಲ್ಲಿ ಅಷ್ಟನ್ನು 8 ಜಿಬಿ ತಾಳಿಕೊಳ್ಳುತ್ತದೆ, ಆದರೆ ಪಕ್ಕದಲ್ಲಿ ಬ್ರೌಸರಿನ ಮೂವತ್ತು ಕಿಟಕಿ ತೆರೆದಿಟ್ಟಿದ್ದರೆ ಏದುಸಿರು ಬಿಡುತ್ತದೆ, ನಿನ್ನ ಅಭ್ಯಾಸ ನನಗೆ ಗೊತ್ತಿಲ್ಲವೇ! ಇನ್ನೊಂದು ಚಿಂತೆಯೂ ಇದೆ. 2025ರ ಕೊನೆಯಿಂದ ಮೆಮೊರಿ ಚಿಪ್ಪುಗಳ ಬೆಲೆ ವಿಪರೀತ ಏರಿದೆ, ಎಐ ಡೇಟಾ ಸೆಂಟರುಗಳು ಸಿಕ್ಕಷ್ಟನ್ನೂ ಬಾಚಿಕೊಳ್ಳುತ್ತಿವೆ. ಎಲ್ಲೋ ದೂರದ ದೇಶದ ಆ ಹಸಿವು ಗದಗದ ಹುಡುಗಿಯೊಬ್ಬಳ ಲ್ಯಾಪ್‌ಟಾಪಿನ ಬೆಲೆಗೆ ಬಂದು ತಟ್ಟುತ್ತದೆ ಅಂದರೆ ನನಗೆ ಸಂಕಟವಾಗುತ್ತದೆ. ಮುಂದೆ ಹಾಕಿಸೋಣ ಅನ್ನುವ ಮೊದಲು, ಈಗಲೇ 16 ಆದರೆ ಎಷ್ಟು ಹೆಚ್ಚು ಅಂತ ಕೇಳಿಕೋ.

ಶೇಖರಣೆ 512 ಜಿಬಿ ಎಸ್‌ಎಸ್‌ಡಿ ಆದರೆ ಸಾಕು, 256 ಇದ್ದರೂ ತೊಂದರೆ ಇಲ್ಲ. ಪಟ್ಟಿಯ ಕೊನೆಯದರಲ್ಲಿ 64 ಜಿಬಿ ಇಎಂಎಂಸಿ ಅಂತ ಇದೆಯಲ್ಲ, ಅದು ವಿಂಡೋಸ್ 11 ಕೇಳುವ ಕನಿಷ್ಠದಷ್ಟೇ. ಒಂದು ಅಪ್‌ಡೇಟ್ ಬಂದರೆ ನಿನ್ನ ಕಡತ ಇಡಲು ಜಾಗ ಹುಡುಕಬೇಕಾಗುತ್ತದೆ.

ಕಾಕಾ ಹುಬ್ಬಳ್ಳಿಯಲ್ಲಿ ಹಳೆಯ ಆಫೀಸ್ ಲ್ಯಾಪ್‌ಟಾಪ್ ಹದಿನೈದು ಸಾವಿರಕ್ಕೆ ಸಿಗುತ್ತದೆ ಅಂದರಂತೆ. ಅವರ ಮಾತು ತಳ್ಳಿಹಾಕುವಂಥದ್ದಲ್ಲ. ಲ್ಯಾಟಿಟ್ಯೂಡ್, ಥಿಂಕ್‌ಪ್ಯಾಡ್ ಥರದವು ಗಟ್ಟಿ ಯಂತ್ರಗಳು, ಕೀಲಿಮಣೆಯಂತೂ ಹೊಸ ಅಗ್ಗದವಕ್ಕಿಂತ ಎಷ್ಟೋ ಮೇಲು. ಆದರೆ ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸದೇ ಆಗಬೇಕು, ಅದಕ್ಕಿಂತ ಹಳೆಯದಕ್ಕೆ ವಿಂಡೋಸ್ 11 ಅಧಿಕೃತವಾಗಿ ಕೂಡುವುದಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಲಿನಕ್ಸ್ ಹಾಕಿಕೊಳ್ಳುತ್ತೇನೆ ಅನ್ನುವ ಧೈರ್ಯ ಇದ್ದರೆ ಹಳೆಯದೂ ಚೆನ್ನಾಗಿಯೇ ಓಡುತ್ತದೆ, ಆರ್ ಕೂಡ ಅದರಲ್ಲಿ ಉಚಿತ. ಬ್ಯಾಟರಿ ಸವೆದಿರುತ್ತದೆ ಅಂತ ಲೆಕ್ಕ ಹಿಡಿದೇ ಕೊಳ್ಳಬೇಕು. ಊರಿಂದ ದೂರ ಬರುವ ನಿನಗೆ ವಾರಂಟಿಯ ಹೊಸ ಯಂತ್ರವೇ ಇರಲಿ ಅಂತ ನನ್ನ ಮನಸ್ಸು ಎಳೆಯುತ್ತದೆ. ಕೆಟ್ಟರೆ ಪಣಜಿಯಲ್ಲೋ ಮಡಗಾಂವದಲ್ಲೋ ಆ ಕಂಪನಿಯ ಸರ್ವೀಸ್ ಸೆಂಟರ್ ಇದೆಯೇ ಅಂತ ಕೊಳ್ಳುವ ಮೊದಲೇ ನೋಡಿಕೋ.

ಯಾವುದನ್ನು ಬಿಡಬಹುದು ಅಂತಲೂ ಕೇಳಿದ್ದೀ. ಕೀಲಿಗಳ ಕೆಳಗೆ ಬೆಳಕು, ಬೆರಳಚ್ಚು, ಲೋಹದ ಮೈ, ತೆಳ್ಳಗಿನ ಸೊಂಟ, ಗುಡುಗುವ ಸ್ಪೀಕರ್, ಇವನ್ನೆಲ್ಲ ಬಿಟ್ಟುಬಿಡು. ಕ್ಯಾಮೆರಾ 720ಪಿ ಇದ್ದರೆ ಕಾಕುಗೆ ನಿನ್ನ ಮುಖ ಸ್ವಲ್ಪ ಮಂಜಾಗಿ ಕಾಣಬಹುದು, “ಎಷ್ಟ್ ಸೊರಗೀಯಲ್ಲವ್ವಾ” ಅಂತ ಹೇಗೂ ಹೇಳುವವರೇ ಅವರು! ಲೋಹದ ಮೈ ಬೇಡ ಅಂದದ್ದಕ್ಕೆ ಬೆಲೆಯೊಂದೇ ಕಾರಣವಲ್ಲ. ಇಲ್ಲಿನ ಹಳೆಯ ಮನೆಗಳಲ್ಲಿ ಅರ್ಥಿಂಗ್ ಸರಿ ಇಲ್ಲದಿದ್ದರೆ ಚಾರ್ಜಿಗೆ ಹಾಕಿದಾಗ ಕೈಗೆ ಜುಮ್ ಅನ್ನುತ್ತದೆ. ನೀನು ಇರುವ ಕೋಣೆಯಲ್ಲಿ ಮೂರು ಕಡ್ಡಿಯ ಸಾಕೆಟ್ ಇದೆಯೋ ಅಂತ ನಾನೇ ಬಂದು ನೋಡುತ್ತೇನೆ.

ಮಳೆಯ ಬಗ್ಗೆ ನೀನು ಕೇಳಲೇ ಇಲ್ಲ, ನನಗೆ ಅದೇ ಹೆಚ್ಚು ಕಾಳಜಿ. ನಮ್ಮ ಗದಗಕ್ಕೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು, ಇಲ್ಲಿ 3,000. ಜೂನಿನಿಂದ ಸೆಪ್ಟೆಂಬರಿನವರೆಗೆ ಚರ್ಮದ ಚಪ್ಪಲಿಗೂ ಬೂಷ್ಟು, ಪುಸ್ತಕಕ್ಕೂ ಬೂಷ್ಟು. ಲ್ಯಾಪ್‌ಟಾಪನ್ನು ಚೀಲದಲ್ಲಿ ಮುಚ್ಚಿಟ್ಟು ವಾರಗಟ್ಟಲೆ ಬಿಡಬೇಡ, ದಿನಾ ಸ್ವಲ್ಪ ಹೊತ್ತು ಹಚ್ಚು, ಅದರ ಬಿಸಿಗೇ ತೇವ ಆರುತ್ತದೆ. ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡು. ಗುಡುಗು ಕೇಳಿದರೆ ಪ್ಲಗ್ ಕೀಳು. ಕರೆಂಟು ಹೋಗುತ್ತಲೇ ಇರುತ್ತದೆ, ಆದ್ದರಿಂದ ಬ್ಯಾಟರಿ 40 ವಾಟ್-ಅವರ್‌ಗಿಂತ ಕಡಿಮೆ ಇರದಿರಲಿ.

ಅಗ್ಗದ್ದನ್ನು ಹಿಡಿದು ತರಗತಿಗೆ ಹೋದರೆ ಯಾರು ಏನಂದುಕೊಳ್ಳುತ್ತಾರೋ ಅಂತ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದದ್ದನ್ನೂ ಓದಿದೆ. ಮನೋಹರ ಪರ್ರಿಕರ್ ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ ಗೋವಾ ಸರಕಾರ ಸೈಬರೇಜ್ ಅನ್ನುವ ಯೋಜನೆಯಲ್ಲಿ ಹನ್ನೊಂದನೇ ತರಗತಿಯ ಮಕ್ಕಳಿಗೆ ಮನೆಗೇ ಕಂಪ್ಯೂಟರ್ ಕೊಟ್ಟಿತು. ನನ್ನ ಜೊತೆ ಕೆಲಸ ಮಾಡುವ ಒಬ್ಬಳು ಅದರಲ್ಲೇ ಕಲಿತವಳು. ಆ ಪೆಟ್ಟಿಗೆ ಮನೆಗೆ ಬಂದ ದಿನ ಅಜ್ಜಿ ಅದಕ್ಕೆ ಹೂ ಏರಿಸಿದ್ದನ್ನು ಈಗಲೂ ಕಣ್ಣರಳಿಸಿ ಹೇಳುತ್ತಾಳೆ. ಅದರ ವೇಗ ಎಷ್ಟಿತ್ತು ಅಂತ ಕೇಳಿದರೆ ನೆನಪಿಲ್ಲ ಅನ್ನುತ್ತಾಳೆ.

ಕಾಕಾಗೆ ಹೀಗೆ ಹೇಳು: ಮೂವತ್ತೈದರಲ್ಲಿ ಲ್ಯಾಪ್‌ಟಾಪಿಗೆ ಮೂವತ್ತೆರಡು ದಾಟಬಾರದು. ಉಳಿದದ್ದರಲ್ಲಿ ಮಳೆಗೆ ತಡೆಯುವ ಚೀಲ, ಒಂದು ಮೌಸ್, ಕಡತಗಳ ನಕಲಿಗೆ ಒಂದು ಪೆನ್‌ಡ್ರೈವ್. ಎಂಎಸ್ ಆಫೀಸ್ ಜೊತೆಗೇ ಬಂದರೆ ಅದು ಒಂದು ವರ್ಷದ್ದೋ ಕಾಯಮ್ಮೋ ಅಂತ ಕೇಳಿಕೋ. ಬರದಿದ್ದರೆ ದುಡ್ಡು ಕೊಡಬೇಡ, ಲಿಬ್ರೆ ಆಫೀಸ್ ಹಾಕಿಕೊಡುತ್ತೇನೆ. ಗದಗದಲ್ಲೇ ಕೊಂಡು ಹೊತ್ತು ತರಬೇಡ. ಅಮರಾವತಿ ಎಕ್ಸ್‌ಪ್ರೆಸ್ ಹತ್ತಿ ಮಡಗಾಂವದಲ್ಲಿ ಇಳಿ, ನಾನು ನಿಲ್ದಾಣಕ್ಕೆ ಬಂದಿರುತ್ತೇನೆ. ಮರುದಿನ ಇಬ್ಬರೂ ಪಣಜಿಯ ಅಂಗಡಿಗಳಿಗೆ ಹೋಗಿ ಕೂತು, ಟೈಪ್ ಮಾಡಿ, ಮುಚ್ಚಳ ಎತ್ತಿ ನೋಡಿ ತರೋಣ. ನಾಲ್ಕನೆಯದಕ್ಕೆ ಖಾಲಿ ಸ್ಲಾಟ್ ಇದೆಯೇ ಅಂತ ಅಷ್ಟರೊಳಗೆ ಹುಡುಕಿ ತಿಳಿಸು, ಟಿಕೆಟಿನ ತಾರೀಖನ್ನೂ ಅದರ ಜೊತೆಗೇ ಬರೆ.

ನಿನ್ನ ಅಕ್ಕ