ಅಡುಗೆಮನೆ ಇರುವ ಕೋಣೆ

ಸಂಪಾಜೆಯಂಥ ಊರಿನವರು ಪೇಟೆಯಲ್ಲಿ ಉಳಿಯಬೇಕಾಗಿ ಬಂದರೆ ಮೊದಲು ನೆನಪು ಮಾಡಿಕೊಳ್ಳುವುದು ನೆಂಟರನ್ನು. ಮಂಗಳೂರಲ್ಲಿ ಯಾರಿದ್ದಾರೆ, ಮೈಸೂರಲ್ಲಿ ಯಾರು, ಬೆಂಗಳೂರಾದರೆ ಯಾರ ಮನೆ ಬಸ್‌ಸ್ಟ್ಯಾಂಡಿಗೆ ಹತ್ತಿರ ಎಂಬ ಪಟ್ಟಿ ಪ್ರತಿ ಮನೆಯ ಹಿರಿಯರ ತಲೆಯಲ್ಲಿರುತ್ತದೆ. ಬಾಡಿಗೆ ಕೋಣೆ ಎಂದರೆ ನಮಗೆ ಗೊತ್ತಿದ್ದದ್ದು ಸುಬ್ರಹ್ಮಣ್ಯ, ಧರ್ಮಸ್ಥಳಗಳ ವಸತಿಗೃಹ. ಒಂದು ರಾತ್ರಿ ಮಲಗಿ ಬೆಳಿಗ್ಗೆ ಬೀಗದ ಕೈ ಕೊಟ್ಟು ಬರುವಂಥದ್ದು. ಹಾಗಾಗಿ ಅಮ್ಮನ ರೇಡಿಯೇಷನ್‌ಗಾಗಿ ಆರು ವಾರ ಮಂಗಳೂರಲ್ಲಿ ಇರಬೇಕು ಎಂದಾದಾಗ, ಕದ್ರಿಯಲ್ಲಿರುವ ಅತ್ತೆಯ ಮಗ ಫೋನ್ ಮಾಡಿ ಮೇಲಿನ ಕೋಣೆ ಖಾಲಿ ಮಾಡಿಸಿದ್ದೇನೆ ಅಂದದ್ದು ಯಾರಿಗೂ ವಿಶೇಷ ಅನ್ನಿಸಲಿಲ್ಲ. ಬೇಡ ಅಂದದ್ದು ಅಪ್ಪ.

ಊರಿಂದ ದಿನಾ ಹೋಗಿ ಬರುವುದಂತೂ ಆಗದ ಮಾತು. ಸೋಮವಾರದಿಂದ ಶುಕ್ರವಾರ, ಒಟ್ಟು ಮೂವತ್ತು ಸಲ. ಮೆಷಿನ್ನಿನ ಅಡಿ ಮಲಗುವ ಕಾಲು ಗಂಟೆಗಾಗಿ ಸುಳ್ಯ, ಪುತ್ತೂರು, ಮಾಣಿ ದಾಟಿ ಎರಡೂವರೆ ಗಂಟೆ ಹೋಗುವುದು, ಅಷ್ಟೇ ಹೊತ್ತು ಬರುವುದು.

ಅಪ್ಪ ಬೇಡ ಅಂದದ್ದಕ್ಕೆ ಕಾರಣ 2018ರ ಆಗಸ್ಟ್. ಜೋಡುಪಾಲ, ಮದೆನಾಡು ಕಡೆ ಗುಡ್ಡ ಜರಿದು ಮಡಿಕೇರಿ ರಸ್ತೆ ಮುಚ್ಚಿತಲ್ಲ, ಆಗ ಘಟ್ಟದ ಜನ ಕೆಳಗೆ ನಮ್ಮ ಕಡೆಗೆ ಇಳಿದು ಬಂದಿದ್ದರು. ಸಂಪಾಜೆ, ಕಲ್ಲುಗುಂಡಿ, ಅರಂತೋಡುಗಳಲ್ಲಿ ಪರಿಹಾರ ಕೇಂದ್ರ ತೆರೆದಿದ್ದರು. ಪರಿಚಯದ ಒಂದು ಕುಟುಂಬ ನಮ್ಮ ಚಾವಡಿಯಲ್ಲೇ ಹದಿನೆಂಟು ದಿನ ಇತ್ತು. ಆ ಮನೆಯ ಹೆಂಗಸು ಒಮ್ಮೆಯೂ ನಿರಾಳವಾಗಿ ಕೂತದ್ದನ್ನು ನಾನು ನೋಡಲಿಲ್ಲ. ಅಮ್ಮ ಏಳುವ ಮೊದಲೇ ಅಂಗಳ ಗುಡಿಸಿ ಆಗಿರುತ್ತಿತ್ತು, ಪಾತ್ರೆ ತೊಳೆದು ಆಗಿರುತ್ತಿತ್ತು. ಮಗುವಿಗೆ ಜ್ವರ ಬಂದ ರಾತ್ರಿ, ನಮಗೆ ಎಚ್ಚರವಾದೀತೆಂದು ಅದನ್ನೆತ್ತಿಕೊಂಡು ಕೊಟ್ಟಿಗೆಯ ಮಾಡಿನಡಿ ಬೆಳಗಿನವರೆಗೆ ನಡೆದಾಡಿದ್ದಳಂತೆ. ಯಾರೂ ಅವಳಿಗೆ ಒಂದು ಮಾತು ಆಡಿದವರಲ್ಲ. "ನಾವು ಚೆಂದ ಮಾಡಿ ನೋಡಿಕೊಂಡಷ್ಟೂ ಅವಳಿಗೆ ಕಷ್ಟ ಆಯಿತು" ಎಂದು ಅಪ್ಪ ಆಮೇಲೆ ಹೇಳಿದ್ದುಂಟು. ಈಗಲೂ ಅದನ್ನೇ ತೆಗೆದರು. "ಇವಳಿಗೆ ರಾತ್ರಿ ನರಳಬೇಕು ಅಂತಾದರೆ ಅಲ್ಲಿ ಯಾರ ಮುಖ ನೋಡುವುದು?"

ಹಾಗೆ ನಾವು ಮೂವರೂ ಹೋದದ್ದು ಕಂಕನಾಡಿಯ ಕಡೆಯ ಒಂದು ಕಟ್ಟಡಕ್ಕೆ. ಬೋರ್ಡಿನಲ್ಲಿ ಹೋಟೆಲ್ ಅಂತ ಇದೆ, ಒಳಗೆ ಫ್ಲ್ಯಾಟು. ಮಲಗುವ ಕೋಣೆ, ಸೋಫಾ ಇರುವ ಚಿಕ್ಕ ಹಾಲ್, ಗೋಡೆಗಂಟಿದ ಅಡುಗೆಮನೆ. ಈ ಮಾದರಿಯನ್ನು ಅಮೆರಿಕದ ಕಾನ್ಸಸ್‌ನ ವಿಚಿಟಾದಲ್ಲಿ ಜ್ಯಾಕ್ ಡಿಬೋರ್ ಎಂಬವರು 1975ರಲ್ಲಿ ರೆಸಿಡೆನ್ಸ್ ಇನ್ ಎಂಬ ಹೆಸರಲ್ಲಿ ಶುರು ಮಾಡಿದರು. ಅವರ ಲೆಕ್ಕದಲ್ಲಿದ್ದದ್ದು ಕೆಲಸಕ್ಕಾಗಿ ಊರು ಬಿಟ್ಟು ವಾರಗಟ್ಟಲೆ ಉಳಿಯಬೇಕಾದವರು. ನಮ್ಮ ಮಹಡಿಯಲ್ಲಿ ಅಂಥವನು ಒಬ್ಬನೇ ಇದ್ದ, ಯಾವುದೋ ಕಂಪೆನಿಯ ಇಂಜಿನಿಯರು. ಉಳಿದ ಐದು ಬಾಗಿಲುಗಳ ಹಿಂದೆ ಇದ್ದದ್ದು ಆಸ್ಪತ್ರೆಯ ಫೈಲುಗಳು. ಬಾಡಿಗೆ ತಿಂಗಳ ಲೆಕ್ಕದಲ್ಲಿ 38,000. ಹೆಚ್ಚುಕಡಿಮೆ ಒಂದು ಕ್ವಿಂಟಾಲ್ ಅಡಿಕೆಯ ದುಡ್ಡು. ಹಳದಿ ಎಲೆ ರೋಗ ಬಂದ ತೋಟದವರಿಗೆ ಒಂದು ಕ್ವಿಂಟಾಲ್ ಅಂದರೆ ಏನೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಅಡಿಕೆಯ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅಮ್ಮನಿಗೆ ಹುಣ್ಣಾದದ್ದು ಕೆನ್ನೆಯ ಒಳಬದಿಯಲ್ಲಿ. ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ ಎಲೆಯಡಿಕೆ ಎಷ್ಟು ವರ್ಷದಿಂದ ಅಂತ. ನಮ್ಮಲ್ಲಿ ಮನೆಗೆ ಯಾರು ಬಂದರೂ ಮೊದಲು ನೀರು ಬೆಲ್ಲ, ಆಮೇಲೆ ಎಲೆತಟ್ಟೆ. ಬಂದವರು ಒಬ್ಬರೇ ಹಾಕಿಕೊಂಡರೆ ಚೆಂದವಲ್ಲ ಎಂದು ಮನೆಯವರೂ ಒಂದು ಮಡಚುವುದು. ಹೊಗೆಸೊಪ್ಪಿನ ಒಂದು ಚೂರೂ ಇರುತ್ತದೆ ಜೊತೆಗೆ. ನಲುವತ್ತು ವರ್ಷದ ಅತಿಥಿ ಸತ್ಕಾರ ಅಮ್ಮನ ಬಾಯಲ್ಲಿತ್ತು. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿ ಹೊಗೆಸೊಪ್ಪಿಲ್ಲದ ಬರಿಯ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಅಪ್ಪ ಅದನ್ನು ಒಪ್ಪುವವರಲ್ಲ. ಹೊಗೆಸೊಪ್ಪು ಮಾಡಿದ್ದು, ಅಡಿಕೆ ಅಲ್ಲ ಅನ್ನುತ್ತಾರೆ. ಅವರೊಡನೆ ನಾನು ವಾದಕ್ಕಿಳಿಯಲಿಲ್ಲ. ಆದರೆ ಹೋಟೆಲಿನ ಬಾಲ್ಕನಿಯಲ್ಲಿ ಅಂಟಿಸಿದ್ದ 'ಎಲೆಯಡಿಕೆ ಉಗುಳಬಾರದು' ಎಂಬ ಚೀಟಿಯನ್ನು ಓದಿದ ದಿನದಿಂದ ಅವರ ಎಲೆಯಡಿಕೆಯ ಚೀಲ ಹೊರಗೆ ಬರಲಿಲ್ಲ.

ಮೊದಲ ವಾರ ಕೋಣೆಯ ನಿಯಮ ಕಲಿಯುವುದರಲ್ಲೇ ಹೋಯಿತು. ಊರಿಂದ ತಂದ ಅಲ್ಯೂಮಿನಿಯಂ ಪಾತ್ರೆ ಇಂಡಕ್ಷನ್ ಒಲೆಗೆ ಆಗಲಿಲ್ಲ, ಅದು ಬಿಸಿಯೇ ಆಗುವುದಿಲ್ಲ. ಬಾಗಿಲ ಪಕ್ಕದ ಕಿಂಡಿಯಿಂದ ಕಾರ್ಡು ತೆಗೆದರೆ ಇಡೀ ಮನೆಯ ಕರೆಂಟು ಹೋಗುತ್ತದೆ. ಅಪ್ಪ ಜೋಪಾನ ಎಂದು ಅದನ್ನು ಕಿಸೆಯಲ್ಲಿಟ್ಟುಕೊಂಡು ವಾಕಿಂಗ್ ಹೋಗಿ, ಅಮ್ಮ ಕತ್ತಲೆಯಲ್ಲಿ ಕೂತಿದ್ದಳು. ಒಗ್ಗರಣೆಯ ಹೊಗೆಗೆ ಮಾಡಿನಲ್ಲಿರುವ ಯಂತ್ರ ಕೂಗಿಕೊಂಡು ಕೆಳಗಿನಿಂದ ಹುಡುಗ ಓಡಿ ಬಂದ. ಎಸಿಯ ಒಂದೇ ಸಮನಾದ ಗುಂಯ್ ಶಬ್ದಕ್ಕೆ ಅಮ್ಮನಿಗೆ ನಿದ್ದೆ ಬರುತ್ತಿರಲಿಲ್ಲ. ಪಯಸ್ವಿನಿಯ ಸದ್ದು ಎಸಿಗಿಂತ ಜೋರೇ ಇರುತ್ತದೆ ಮಳೆಗಾಲದಲ್ಲಿ, ಅದು ಬೇರೆ.

ಮೂರನೇ ವಾರದಲ್ಲಿ ಆ ಅಡುಗೆಮನೆ ಯಾಕೆ ಬೇಕಿತ್ತೆಂದು ಗೊತ್ತಾಯಿತು. ಬಾಯಿಯೊಳಗೆ ಪೂರ್ತಿ ಹುಣ್ಣು, ಜೊಲ್ಲು ಒಣಗಿತು, ರುಚಿ ಹೋಯಿತು. ಉಪ್ಪು ತಾಗಿದರೂ ಉರಿ. ಕುಚ್ಚಲಕ್ಕಿಯನ್ನು ಕರಗುವಷ್ಟು ಬೇಯಿಸಿ, ಸೋಸಿ, ತೆಳಿ ತಣಿಸಿ ಕೊಡಬೇಕು. ನಾಲ್ಕು ಚಮಚ ಹೋದರೆ ಹೋಯಿತು, ಇಲ್ಲವಾದರೆ ಒಂದು ಗಂಟೆ ಬಿಟ್ಟು ಮತ್ತೆ ಬಿಸಿ ಮಾಡಿ ಮತ್ತೆ ತಣಿಸುವುದು. ಬೆಳಿಗ್ಗೆ ಆರಕ್ಕೂ ಗಂಜಿ, ರಾತ್ರಿ ಎರಡಕ್ಕೂ ಗಂಜಿ. ಕದ್ರಿಯ ಭಾವನ ಹೆಂಡತಿ ಒಳ್ಳೆಯವಳು, ಎಲ್ಲವನ್ನೂ ಮಾಡಿಕೊಡುತ್ತಿದ್ದಳು. ಆದರೆ ಅವಳು ಪ್ರೀತಿಯಿಂದ ಮಾಡಿ ತಂದದ್ದನ್ನು ಬೇಡ ಅನ್ನಲಿಕ್ಕೆ ಅಮ್ಮನಿಂದ ಆಗುತ್ತಿರಲಿಲ್ಲ. ನುಂಗಿ, ಕಣ್ಣಲ್ಲಿ ನೀರು ಹಾಕಿಕೊಳ್ಳುತ್ತಿದ್ದಳು. ಇಲ್ಲಿ ಗಂಜಿಯ ಬಟ್ಟಲನ್ನು ಅಪ್ಪನ ಕಡೆಗೆ ದೂಡಿ ಗೋಡೆಗೆ ಮುಖ ಮಾಡಿ ಮಲಗಿದಳು. ಒಂದು ರಾತ್ರಿ ಜೋರಾಗಿ ಬೈದಳು ಕೂಡ, ನನ್ನನ್ನು, ಅಪ್ಪನನ್ನು, ದೇವರನ್ನು. ನಮ್ಮ ಮನೆಯಲ್ಲಿ ಅವಳ ದನಿ ಅಷ್ಟು ಎತ್ತರಕ್ಕೆ ಹೋದದ್ದಿಲ್ಲ, ಚಾವಡಿಯಲ್ಲಿ ಸದಾ ಯಾರಾದರೂ ಇರುತ್ತಿದ್ದರಲ್ಲ.

ದಿನ ಬಿಟ್ಟು ದಿನ ಕಸ ಗುಡಿಸಲು ಬರುವ ಹೆಂಗಸಿನ ಮುಂದೆ ಮಾತ್ರ ಅಮ್ಮ ಮನೆಯೊಡತಿಯೇ. ಅವಳು ಬರುವ ಮೊದಲು ತಾನೇ ಹಾಸಿಗೆ ಸರಿ ಮಾಡುವುದು, ಚಾ ಕುಡಿ ಎಂದು ಕೈಸನ್ನೆ ಮಾಡುವುದು. ಅತಿಥಿಗಳ ಕೋಣೆಯಲ್ಲಿ ಏನೂ ತೆಗೆದುಕೊಳ್ಳುವಂತಿಲ್ಲ ಎಂದು ಆಕೆ ಹೇಳಿದಾಗ ಅಮ್ಮನಿಗೆ ಅರ್ಥವೇ ಆಗಲಿಲ್ಲ. ಇದರಲ್ಲಿ ಅತಿಥಿ ಯಾರು?

ಲಿಫ್ಟಿನಲ್ಲಿ ಯಾರೂ ಊರು ಕೇಳುತ್ತಿರಲಿಲ್ಲ, ಎಷ್ಟಾಯಿತು ಅಂತ ಕೇಳುತ್ತಿದ್ದರು. ಹನ್ನೆರಡು ಆಯಿತು, ಹದಿನೆಂಟು ಬಾಕಿ. ಎದುರು ಬಾಗಿಲಿನವರು ಕಾಸರಗೋಡಿನವರು. ಅವರ ಊರು ಮಂಗಳೂರಿಗೆ ನಮ್ಮ ಊರಿಗಿಂತ ಹತ್ತಿರ. ಆದರೂ ಬಾಡಿಗೆ ಕೊಟ್ಟು ಯಾಕಿದ್ದೀರಿ ಎಂದು ಅಪ್ಪ ಕೇಳಿದರು. 2020ರ ಮಾರ್ಚಿನಲ್ಲಿ ತಲಪಾಡಿ ಗಡಿ ಮುಚ್ಚಿ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದವರ ಆಂಬುಲೆನ್ಸುಗಳನ್ನು ಹಿಂದಕ್ಕೆ ಕಳಿಸಿದ್ದನ್ನು ಆತ ಮರೆತಿರಲಿಲ್ಲ. ಹೆಂಡತಿಯ ಚಿಕಿತ್ಸೆ ಮುಗಿಯುವವರೆಗೆ ಗಡಿಯ ಈಚೆಯೇ ಇರುವುದು ಎಂದು ಠರಾವು ಮಾಡಿದ್ದರು. ನಮ್ಮ ಪಯಸ್ವಿನಿಯೇ ನಿಮ್ಮಲ್ಲಿ ಚಂದ್ರಗಿರಿ ಆಗುವುದು ಎಂದು ಅಪ್ಪ ನೆಂಟಸ್ತಿಕೆ ತೆಗೆದರು. ಆಮೇಲೆ ಇಬ್ಬರೂ ಸಂಜೆ ಒಟ್ಟಿಗೆ ಕಂಕನಾಡಿ ಮಾರ್ಕೆಟ್ಟಿಗೆ ಹೋಗುವುದು ಶುರುವಾಯಿತು. ಅಷ್ಟು ದಿನ ಎದುರುಬದುರು ಇದ್ದರೂ ಒಬ್ಬರ ಕೋಣೆಯೊಳಗೆ ಇನ್ನೊಬ್ಬರು ಕಾಲಿಡಲಿಲ್ಲ.

ಮೂವತ್ತನೆಯದು ಮುಗಿದ ಮರುದಿನ ಕೋಣೆ ಬಿಟ್ಟೆವು. ಹುಡುಗ ಪಟ್ಟಿ ಹಿಡಿದು ಚಮಚ, ತಟ್ಟೆ, ಕೆಟಲ್ ಎಣಿಸಿಕೊಂಡ. ಉಳಿದಿದ್ದ ಮೂರು ಸೇರು ಕುಚ್ಚಲಕ್ಕಿ, ಎರಡು ತೆಂಗಿನಕಾಯಿಗಳನ್ನು ಅಪ್ಪ ಎದುರು ಬಾಗಿಲಿಗೆ ಕೊಟ್ಟು ಬಂದರು. ಅವರಿಗೆ ಇನ್ನೂ ಎಂಟು ಬಾಕಿ ಇತ್ತು.